ಹಾಲಣ್ಣನ ಕೊಳವೆ, ಮಾವನ ಮಗ್ಗು

ನಮ್ಮ ಹಾಲಣ್ಣ ಹುಟ್ಟುವಾಗಲೇ ಎಡಗಣ್ಣು ಮುಚ್ಚಿಕೊಂಡಿದ್ದ ಎಂದು ಕಾರ್ಖಾನೆಯಲ್ಲಿ ಒಂದು ಪ್ರತೀತಿಯಿದೆ. ಸೂಲಗಿತ್ತಿ ಗಾಬರಿಯಾಗಿ, ಮಗು ಒಂಟಿಗಣ್ಣಿನದು ಎಂದು ಕೂಗಿಕೊಂಡಳಂತೆ. ಮಗು ಅದನ್ನು ಕಿವಿಗೆ ಹಾಕಿಕೊಳ್ಳದೆ, ಬಲಗಣ್ಣಿನಿಂದ ಅವಳ ಕೈಯಲ್ಲಿದ್ದ ಬಿಸಿನೀರಿನ ಪಾತ್ರೆಯನ್ನು ದಿಟ್ಟಿಸಿ ನೋಡಿ, ನೀರು ಹದವಾಗಿದೆ ಎಂದು ಖಾತ್ರಿಯಾದ ಮೇಲೆ ಎರಡು ಕಣ್ಣನ್ನೂ ತೆರೆಯಿತಂತೆ. ಇದನ್ನು ಕಂಡವರು ಯಾರೂ ಬದುಕಿಲ್ಲ. ಆದರೆ ಹಾಲಣ್ಣನನ್ನು ಕೆಲಸದಲ್ಲಿ ಕಂಡವರು ಯಾರೂ ಇದನ್ನು ಅಲ್ಲಗಳೆದದ್ದೂ ಇಲ್ಲ.

ಅವನ ಅಂಗಿಯ ಜೇಬಿನಲ್ಲಿ ಬೆರಳುದ್ದದ ಒಂದು ಕೊಳವೆ ಸದಾ ಇರುತ್ತದೆ. ಒಂದು ತುದಿಯಲ್ಲಿ ಓರೆಯಾದ ಗಾಜು, ಇನ್ನೊಂದು ತುದಿಯಲ್ಲಿ ಕಣ್ಣಿಡುವ ರಬ್ಬರಿನ ಬಳೆ. ಗಾಜಿನ ಮೇಲೆ ಒಂದು ಹನಿ ಹಾಕಿ, ಮುಚ್ಚಳ ಮುಚ್ಚಿ, ಬೆಳಕಿನತ್ತ ಎತ್ತಿ ನೋಡಿದರೆ ಒಳಗೆ ಒಂದು ಅಳತೆಪಟ್ಟಿ ಕಾಣುತ್ತದೆ. ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಕೂಡುವ ಗೆರೆ ಎಲ್ಲಿದೆಯೋ ಅದೇ, ನೀರಿನಲ್ಲಿ ಎಷ್ಟು ಬೆರೆತಿದೆ ಎಂಬುದರ ಲೆಕ್ಕ. ಈ ಕೊಳವೆಗೆ ಹಾಲಣ್ಣ ತೋರಿಸದ ದ್ರವ ಪ್ರಪಂಚದಲ್ಲಿ ಉಳಿದಿಲ್ಲ. ಕ್ಯಾಂಟೀನಿನ ಟೀ ನೋಡಿದ್ದಾನೆ, ಕೆಮ್ಮಿನ ಔಷಧಿ ನೋಡಿದ್ದಾನೆ, ತಗಡಿನ ಮಾಡಿನಿಂದ ಸುರಿಯುವ ಮಳೆನೀರು ನೋಡಿ, "ಸೊನ್ನೆ. ಶುದ್ಧ ಇದೆ," ಎಂದು ಮೋಡಕ್ಕೆ ಪ್ರಮಾಣಪತ್ರ ಕೊಟ್ಟಿದ್ದಾನೆ. ಮೊದಲು ಹಣ್ಣಿನ ರಸ ತಯಾರಿಸುವ ಕಡೆ ಕೆಲಸಕ್ಕಿದ್ದವನು. ಅಲ್ಲಿ ಇದೇ ಕೊಳವೆಯಿಂದ ಸಕ್ಕರೆ ಅಳೆಯುತ್ತಿದ್ದ. ಚಟ ಅಲ್ಲಿಂದ ಅಂಟಿದ್ದು.

ಆ ಚಟದಿಂದಲೇ ಅವನು ಬದುಕಿನ ಮೊದಲ ಮಹಾಪ್ರಮಾದವನ್ನೂ ಮಾಡಿದ. ಮೆಚ್ಚಿದ ಹುಡುಗಿಯನ್ನು ತನಗೆ ಕೊಡಿ ಎಂದು ಕೇಳಲು ಅವಳ ಮನೆಗೆ ಹೋಗಿದ್ದಾನೆ. ಹುಡುಗಿಯ ಅಪ್ಪ ಪ್ರೀತಿಯಿಂದ ಒಂದು ಲೋಟ ಹಣ್ಣಿನ ರಸ ತಂದುಕೊಟ್ಟಿದ್ದಾರೆ. ಇವನು ಒಂದು ಹನಿ ತೆಗೆದು, ಎಡಗಣ್ಣು ಮುಚ್ಚಿ, ಕಿಟಕಿಯ ಕಡೆ ತಿರುಗಿ ನೋಡಿ, "ಸ್ವಲ್ಪ ನೀರು ಜಾಸ್ತಿಯಾಗಿದೆ," ಎಂದುಬಿಟ್ಟ. ಹುಡುಗಿ ನಕ್ಕಳು, ಒಪ್ಪಿದಳು. ಅಪ್ಪ ನಗಲಿಲ್ಲ, ಮಗಳಿಗಾಗಿ ಒಪ್ಪಿದರು. ಅಂದಿನಿಂದ ಅವರು ಅಳಿಯನನ್ನು "ನೀವು" ಎನ್ನುತ್ತಿದ್ದರು. ಗೌರವ ಉಕ್ಕಿ ಬಂದು ಅಲ್ಲ. ಕೆಲವರು ಮುಖದ ಮೇಲೆ ಬಾಗಿಲು ಹಾಕುವ ಬದಲು ಬಹುವಚನ ಹಾಕುತ್ತಾರೆ.

ಇನ್ನು ಹಾಲಿನ ವಿಚಾರ. ಹಾಲಣ್ಣ ಹಸುವಿನ ಬಾಲವನ್ನೂ ಮುಟ್ಟಿದವನಲ್ಲ. ಅವನದು ಬೇರೆ ಹಾಲು. ಲೇತಿನ ಮೇಲೆ ಉಕ್ಕನ್ನು ಕಡೆಯುವಾಗ ಅದು ಕೆಂಡದಂತೆ ಕಾಯುತ್ತದೆ. ಉಕ್ಕೂ ಉಳಿಯಬೇಕು, ಕಡೆಯುವ ಮೊನೆಯೂ ಉಳಿಯಬೇಕು ಎಂದರೆ ಮೇಲಿಂದ ಎಡೆಬಿಡದೆ ಕೂಲಂಟ್ ಸುರಿಯುತ್ತಿರಬೇಕು. ನೀರಿಗೆ ಒಂದು ಬಗೆಯ ಎಣ್ಣೆ ಬೆರೆಸಿದರೆ ಬೆಳ್ಳಗೆ ಥೇಟ್ ಹಾಲಿನಂತಾಗುತ್ತದಲ್ಲ, ಅದೇ ಕೂಲಂಟ್. ನಮ್ಮ ಶೆಡ್ಡಿನಲ್ಲಿ ಅದನ್ನು ಹಾಲು ಎಂದೇ ಕರೆಯುವುದು. ಸುರಿದದ್ದು ಲೇತಿನ ಕೆಳಗಿನ ತೊಟ್ಟಿಗೆ ಇಳಿದು, ಪಂಪಿನಿಂದ ಮೇಲೇರಿ, ಮತ್ತೆ ಸುರಿಯುತ್ತದೆ. ಹೀಗೆ ಸುತ್ತುತ್ತ ನೀರು ಆವಿಯಾಗಿ ಹೋಗುತ್ತದೆ, ಎಣ್ಣೆ ಹಾಗೇ ಕೂತಿರುತ್ತದೆ, ಹಾಲು ದಿನದಿನಕ್ಕೆ ಗಟ್ಟಿಯಾಗುತ್ತದೆ. ತೀರಾ ತೆಳ್ಳಗಾದರೆ ಮಷಿನ್ನಿಗೆ ತುಕ್ಕು, ತೊಟ್ಟಿಗೆ ಕೊಳೆತ ನಾತ. ತೀರಾ ಗಟ್ಟಿಯಾದರೆ ನೊರೆ, ಜಿಡ್ಡು, ಮುಟ್ಟಿದವರ ಚರ್ಮಕ್ಕೆ ಕೇಡು. ಈ ಎರಡು ನರಕಗಳ ನಡುವಿನ ಕಿರುದಾರಿಯಲ್ಲಿ ಇಡೀ ಶೆಡ್ಡನ್ನು ಕೈಹಿಡಿದು ನಡೆಸುವವನು ಹಾಲಣ್ಣ. ಬೆಳಿಗ್ಗೆ ಒಂದು ಸುತ್ತು, ಮಧ್ಯಾಹ್ನ ಒಂದು ಸುತ್ತು. ಕೈಯಲ್ಲಿ ಬಕೆಟ್ಟು, ಕಣ್ಣಿಗೆ ಕೊಳವೆ, ನಡಿಗೆಯಲ್ಲಿ ಗಡಿ ಕಾಯುವ ಸೇನಾಪತಿಯ ಗತ್ತು.

ಅವನ ಶಾಸ್ತ್ರದಲ್ಲಿ ಮೊದಲು ನೀರು, ಆಮೇಲೆ ಎಣ್ಣೆ. ಒಮ್ಮೆ ಹೊಸಬನೊಬ್ಬ ಎಣ್ಣೆಯ ಮೇಲೆ ನೀರು ಸುರಿದ. ಬಕೆಟ್ಟಿನಲ್ಲಿದ್ದದ್ದು ಒಡೆದು ಗರಣೆಗಟ್ಟಿತು. ಹಾಲಣ್ಣ ಬೈಯಲಿಲ್ಲ. ಆ ಬಕೆಟ್ಟಿನ ಮುಂದೆ ತಲೆ ತಗ್ಗಿಸಿ ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಹೊಸಬ ತಾನೂ ತಲೆ ತಗ್ಗಿಸಿ ನಿಂತ. ದಾರಿಹೋಕರು ಯಾರಾದರೂ ನೋಡಿದ್ದರೆ ಯಾರು ತೀರಿಕೊಂಡರು ಎಂದು ಕೇಳುತ್ತಿದ್ದರು.

ಆ ನಕ್ಕು ಒಪ್ಪಿದ ಹುಡುಗಿಯೇ ಈಗ ನಮಗೆಲ್ಲ ಅತ್ತಿಗೆ. ಅವಳ ಅಪ್ಪ ನಮಗೆಲ್ಲ ಮಾವ. ಇಬ್ಬರೂ ನಮ್ಮ ಶೆಡ್ಡಿನವರೇ, ಇಬ್ಬರದೂ ಒಂದೇ ಲೇತು. ಬೆಳಗಿನ ಪಾಳಿ ಮಗಳದು, ಮಧ್ಯಾಹ್ನದ ಮೇಲಿನದು ಅಪ್ಪನದು. ಲೇತಿನ ವಿದ್ಯೆಯನ್ನು ಮಗಳಿಗೆ ಕಲಿಸಿದವರು ಅವರೇ. ಈಗ ಅವಳು ಅಪ್ಪನನ್ನೂ ಮೀರಿಸಿದ್ದಾಳೆ. ಸುರುಳಿ ಸುತ್ತಿ ಬೀಳುವ ಉಕ್ಕಿನ ಚೂರಿನ ಸದ್ದು ಕೇಳಿಯೇ ಮೊನೆ ಮೊಂಡಾಗುತ್ತಿದೆ ಎಂದು ಹೇಳುತ್ತಾಳೆ. ಪಾಳಿ ಬದಲಾಗುವ ಹೊತ್ತಿಗೆ ಮಾವ ಬಂದು, ಅವಳು ಕಡೆದಿಟ್ಟ ತುಂಡುಗಳಲ್ಲಿ ಒಂದನ್ನು ಎತ್ತಿ, ಬೆರಳಾಡಿಸಿ, "ಪರವಾಗಿಲ್ಲ," ಎನ್ನುತ್ತಿದ್ದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಬಿರುದು ಇರಲಿಲ್ಲ.

ಆ ಅತ್ತಿಗೆಯ ಕೈಗೆ ಕಷ್ಟ ಬಂತು. ಮೊದಲು ಬೆರಳ ಸಂದಿಯಲ್ಲಿ ತುರಿಕೆ. ಆಮೇಲೆ ಕೆಂಪು. ಆಮೇಲೆ ಸಿಪ್ಪೆ ಎದ್ದು, ಗೆಣ್ಣುಗಳ ಮೇಲೆ ಚರ್ಮ ಬಿರುಕು ಬಿಟ್ಟು ನೆತ್ತರು ಒಸರತೊಡಗಿತು. ಕೈಗವಸು ಹಾಕೋಣವೆಂದರೆ ತಿರುಗುವ ಲೇತಿನ ಹತ್ತಿರ ಗವಸು ಕೂಡದು. ಗವಸು ಸಿಕ್ಕಿಕೊಂಡರೆ ಕೈಯೂ ಅದರ ಹಿಂದೆಯೇ ಹೋಗುತ್ತದೆ. ಡಾಕ್ಟರು ಮುಲಾಮು ಕೊಟ್ಟು, ಕೈಗೆ ತಾಗುತ್ತಿರುವುದು ಏನೆಂದು ಪತ್ತೆ ಮಾಡಿ, ಇಲ್ಲವೇ ಕೆಲಸ ಬದಲಾಯಿಸಿ ಎಂದರು.

ಮನೆಯಲ್ಲಿ ಹಾಲಣ್ಣ ಅವಳ ಕೈಗೆ ಮುಲಾಮು ಸವರುತ್ತಿದ್ದ, ಪಾತ್ರೆ ತಾನೇ ತೊಳೆಯುತ್ತಿದ್ದ. ತಲೆ ಬಾಚಿಕೊಳ್ಳುವುದೂ ಅವಳಿಗೆ ಆಗದಿದ್ದಾಗ ಜಡೆ ಹಾಕುವ ವಿದ್ಯೆಗೂ ಕೈಹಾಕಿದ. ಒಂದು ಬೆಳಿಗ್ಗೆ ಆ ಜಡೆ ಹೊತ್ತು ಅತ್ತಿಗೆ ಸ್ಟೋರಿನ ಕಿಟಕಿಗೆ ಬಂದಳು. ನಾನು ಸ್ಟೋರಿನವನು, ಎಣ್ಣೆ, ಮೊನೆ, ಚಿಂದಿಬಟ್ಟೆ ಎಲ್ಲ ನನ್ನ ಕಿಟಕಿಯಿಂದಲೇ ಹೋಗಬೇಕು.

"ಅತ್ತಿಗೆ, ಅದು ಜಡೆಯಾ, ಕೇಬಲ್ಲಾ?"

"ನಿಮ್ಮಣ್ಣ ಹಾಕಿದ್ದು. ಇನ್ನೂ ಅರ್ಥಿಂಗ್ ಕೊಟ್ಟಿಲ್ಲ, ಮುಟ್ಬೇಡಿ."

ನಕ್ಕಳು. ಆದರೆ ಮೊನೆಯ ಡಬ್ಬಿಯನ್ನು ಬೆರಳಿನಿಂದ ಹಿಡಿಯಲಾಗದೆ ಎರಡು ಅಂಗೈಗಳ ನಡುವೆ ಒತ್ತಿ ಎತ್ತಿಕೊಂಡು ಹೋದಳು.

ಕಾರ್ಖಾನೆಯ ಯಜಮಾನತಿಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತೇವೆ, ನಮ್ಮಲ್ಲಿ ಮುಕ್ಕಾಲು ಜನರಿಗಿಂತ ವಯಸ್ಸಿನಲ್ಲಿ ಚಿಕ್ಕವಳಾದರೂ. ಅವಳು ಅತ್ತಿಗೆಯ ಕೈ ನೋಡಿ ನೊಂದುಕೊಂಡಳು.

"ಈ ವಾರ ಕಳೀಲಿ. ಸೋಮವಾರದಿಂದ ಪ್ಯಾಕಿಂಗಿಗೆ ಹೋಗಮ್ಮ. ಲೇತಿಗೆ ಬೇರೆ ಯಾರನ್ನಾದ್ರೂ ನೋಡ್ತೀನಿ."

"ಪ್ಯಾಕಿಂಗಲ್ಲಿ ನನಗೇನು ಕೆಲಸ ದೊಡ್ಡಮ್ಮ? ಡಬ್ಬಿ ಮುಚ್ಚೋಕೆ ಕೈ ಯಾಕೆ, ಮೊಣಕೈ ಸಾಕು."

"ಕೈ ಇದ್ರೆ ತಾನೇ ಲೇತು."

ಅತ್ತಿಗೆ ಲೇತಿನ ಹತ್ತಿರ ಹೋಗಿ ಅದನ್ನು ಒರೆಸತೊಡಗಿದಳು. ಆಗಲೇ ಒರೆಸಿ ಆಗಿತ್ತು.

ಹಾಲಣ್ಣ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ಒಂದು ಲೇತನ್ನು ಕಾಯತೊಡಗಿದ. ಅವಳ ಪಾಳಿ ಮುಗಿಯುವಾಗ ಹಾಲು ಹದವಾಗಿರುತ್ತಿತ್ತು. ಮರುದಿನ ಅವಳು ಬರುವ ಮುಂಚೆ ನೋಡಿದರೆ ಗಟ್ಟಿ. ನೀರು ಆವಿಯಾಗಿ ಗಟ್ಟಿಯಾಗಿದ್ದರೆ ತೊಟ್ಟಿಯ ಮಟ್ಟ ಇಳಿದಿರಬೇಕಿತ್ತು. ಇಳಿದಿರಲಿಲ್ಲ. ಬದಲಿಗೆ ಒಂದು ಕೂದಲೆಳೆಯಷ್ಟು ಏರಿತ್ತು, ಮೇಲೆ ಹಳದಿ ಎಣ್ಣೆಯ ಗೆರೆಗಳು ತೇಲುತ್ತಿದ್ದವು. ಅವನು ನೇರ ನನ್ನ ಕಿಟಕಿಗೆ ಬಂದ.

"ಸ್ಟೋರಪ್ಪ, ಈ ಹಾಲಿನೆಣ್ಣೆ ಡ್ರಮ್ಮಿಗೆ ನನ್ನ ಬಿಟ್ರೆ ಯಾರು ಕೈ ಹಾಕ್ತಾರೆ?"

"ಯಾರೂ ಇಲ್ಲ. ನಿಮ್ಮ ಮಾವ ಒಬ್ರು ಪಾಳಿಗೆ ಬಂದ ಕೂಡ್ಲೇ ಒಂದು ಮಗ್ಗು ತಗೊಂಡು ಹೋಗ್ತಾರೆ. ಮಷಿನ್ ಒರೆಸೋಕಂತೆ."

"ಎಷ್ಟು ದೊಡ್ಡ ಮಗ್ಗು?"

ನಾನು ಕೈಯಲ್ಲಿ ಅಳತೆ ತೋರಿಸಿದೆ. ಬಚ್ಚಲುಮನೆಯಲ್ಲಿರುವಂಥ ಮಗ್ಗು. ಹಾಲಣ್ಣ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತ.

"ಅಷ್ಟರಲ್ಲಿ ಈ ಶೆಡ್ಡನ್ನೇ ಒರೆಸ್ಬಹುದಲ್ಲಪ್ಪ."

ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಹಿಂದೊಮ್ಮೆ ರಜೆ ಮುಗಿಸಿ ಬಂದಾಗ ಆ ಲೇತಿನ ಮೇಲೆ ಹೆಬ್ಬೆರಳುಗುರಿನಷ್ಟು ತುಕ್ಕು ಕಾಣಿಸಿಕೊಂಡಿತ್ತು. ಮಾವ ಅದನ್ನು ನೋಡಿದವರೇ ಹಾಲಿನಲ್ಲಿ ಬೆರಳದ್ದಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ತಿಕ್ಕಿ, "ಅಳಿಯಂದ್ರು ನೀರು ಹಾಲು ಕುಡಿಸ್ತಿದ್ದಾರೆ ನನ್ನ ಮಗಳ ಮಷಿನ್ನಿಗೆ," ಎಂದಿದ್ದರು. ಅವರ ಕಾಲದಲ್ಲಿ ಕೊಳವೆ ಇರಲಿಲ್ಲ. ಬೆರಳಿಗೆ ಜಾರಿದರೆ ಒಳ್ಳೆ ಹಾಲು, ಜಾರದಿದ್ದರೆ ಮೋಸ. ಜಡ್ಡುಗಟ್ಟಿದ ಆ ಕೈಗೆ ಎಷ್ಟು ಗಟ್ಟಿ ಹಾಲೂ ತಾಗುತ್ತಿರಲಿಲ್ಲ. ಅಂದಿನಿಂದ ದಿನಾ ಒಂದು ಮಗ್ಗು ಗಟ್ಟಿ ಎಣ್ಣೆ, ನೀರಿಲ್ಲದೆ, ತೊಟ್ಟಿಗೆ. ಚಿಕ್ಕವಳಿದ್ದಾಗ ಮಗಳ ಲೋಟಕ್ಕೆ ಯಾರಿಗೂ ಕಾಣದಂತೆ ಕೆನೆ ಹಾಕಿದ ಕೈ ಅದು. ಈಗಲೂ ಅದನ್ನೇ ಮಾಡುತ್ತಿತ್ತು.

"ಹೋಗಿ ಹೇಳ್ಬಿಡು," ಎಂದೆ.

"ಏನಂತ? ನಿಮ್ಮ ಮಗಳ ಕೈ ಸುಟ್ಟಿದ್ದು ನೀವೇ ಅಂತಲಾ?" ಎಂದ ಹಾಲಣ್ಣ. "ಅವಳಿಗೆ ಗೊತ್ತಾದ್ರೆ ಅವಳು ಹೊಟ್ಟೆಗೆ ಹಾಕ್ಕೋತಾಳೆ. ಅವರು ತಡ್ಕೊಳಲ್ಲ. ನೀನು ಎಣ್ಣೆ ಕೊಡಲ್ಲ ಅಂದ್ರೂ ಯಾಕೆ ಅಂತ ಕೇಳ್ತಾರೆ. ಇದು ನಮ್ಮಿಬ್ಬರಲ್ಲೇ ಇರ್ಲಿ, ಸ್ಟೋರಪ್ಪ."

ಅಲ್ಲಿಂದ ಶುರುವಾಯಿತು ಸಮರ. ಬೆಳಿಗ್ಗೆ ಅತ್ತಿಗೆ ಬರುವ ಮುನ್ನ ಹಾಲಣ್ಣ ಬಂದು, ತೊಟ್ಟಿಯಿಂದ ಬಕೆಟ್ಟುಗಟ್ಟಲೆ ಗಟ್ಟಿ ಹಾಲು ತೋಡಿ, ತೆಳು ಹಾಲು ತುಂಬುತ್ತಿದ್ದ. ಮಧ್ಯಾಹ್ನ ಮಾವ ಬಂದು ಬೆರಳು ತಿಕ್ಕಿ ನೋಡಿ, ಮೂಗು ಮುರಿದು, ಒಂದರ ಬದಲು ಎರಡು ಮಗ್ಗು ಸುರಿಯುತ್ತಿದ್ದರು. ಮರುದಿನ ಅಳಿಯ ಇನ್ನಷ್ಟು ತೆಳ್ಳಗೆ ಮಾಡಿದರೆ ಅಂದು ಮಾವ ಮೂರು ಮಗ್ಗಿಗೆ ಏರಿದರು. ಎರಡು ಸೈನ್ಯಗಳು ಒಂದನ್ನೊಂದು ಕಣ್ಣಿನಿಂದಲೂ ಕಾಣದೆ, ಒಂದೇ ತೊಟ್ಟಿಯ ರಣರಂಗದಲ್ಲಿ, ಒಬ್ಬಳೇ ಹೆಂಗಸಿನ ಹಿತಕ್ಕಾಗಿ ಹೋರಾಡಿದವು. ಚರಿತ್ರೆಯಲ್ಲಿ ಇಷ್ಟು ಮೌನವಾಗಿ ನಡೆದ ಯುದ್ಧ ಇನ್ನೊಂದಿರಲಾರದು. ಹಿತ ಬಯಸಿಸಿಕೊಂಡವಳ ಕೈ ಮಾತ್ರ ವಾಸಿಯಾಗಲಿಲ್ಲ.

ವಾರದ ಕೊನೆಯ ದಿನ ಪಾಳಿ ಬದಲಾಗುವ ಹೊತ್ತು. ತೊಟ್ಟಿಗೆ ಸಾಕಾಗಿಹೋಯಿತು. ಲೇತಿನ ಅಡಿಯಿಂದ ಮೊದಲು ಒಂದು ಬಿಳಿ ಹೆಡೆ ಇಣುಕಿತು. ಆಮೇಲೆ ನೊರೆ ಉಕ್ಕಿ, ಎಲ್ಲ ಕಡೆಯಿಂದಲೂ ಇಳಿದು, ಸಾವಕಾಶವಾಗಿ, ರಾಜಗಾಂಭೀರ್ಯದಿಂದ ನೆಲದ ಮೇಲೆ ಹರಡತೊಡಗಿತು. ಜನ ಬಕೆಟ್ಟು, ಮರದ ಹೊಟ್ಟು ಹಿಡಿದು ಓಡಿ ಬಂದರು. ದೊಡ್ಡಮ್ಮ ಕಚೇರಿಯಿಂದ ಬರುವಷ್ಟರಲ್ಲಿ ನೊರೆ ಅವಳನ್ನು ಎದುರುಗೊಳ್ಳಲು ಅರ್ಧ ದಾರಿ ಹೋಗಿ ಅವಳ ಚಪ್ಪಲಿ ಮುಟ್ಟಿತ್ತು.

"ಯಾರ ಕೆಲಸ ಇದು?"

ಆಗಷ್ಟೇ ಪಾಳಿಗೆ ಬಂದು ಎಣ್ಣೆ ಸುರಿದಿದ್ದ ಮಾವ ಖಾಲಿ ಮಗ್ಗು ಹಿಡಿದೇ ನಿಂತಿದ್ದರು. ಅಳಿಯನ ಕಡೆ ಗಲ್ಲ ತೋರಿಸಿದರು. "ಇವರನ್ನೇ ಕೇಳಿ. ನೀರು ಹಾಲು ಹಾಕಿ ಹಾಕಿ ಈ ಗತಿಗೆ ತಂದಿದ್ದಾರೆ."

"ನೀರಾದ್ರೆ ಇಷ್ಟು ನೊರೆ ಬರಲ್ಲ ಮಾವ," ಎಂದ ಹಾಲಣ್ಣ ಮೆಲ್ಲಗೆ. "ಹಾಲು ಗಟ್ಟಿಯಾಗಿದೆ. ಅದಕ್ಕೇ ನೊರೆ. ಅವಳ ಕೈ ಹಾಗಾಗಿದ್ದೂ ಅದಕ್ಕೇ. ಎಣ್ಣೆ ಹೆಚ್ಚಾದ್ರೆ ಅದು ಚರ್ಮದಲ್ಲಿರೋ ಜಿಡ್ಡನ್ನೇ ಎಳ್ಕೊಂಡ್ಬಿಡುತ್ತೆ."

ಮಾವ ಮಗಳ ಕೈ ನೋಡಿದರು. ಆ ಕೈಗಳನ್ನು ಅವರು ದಿನಾ ನೋಡುತ್ತಿದ್ದರು. ಈಗ ನೋಡಿದ ಹಾಗೆ ನೋಡಿರಲಿಲ್ಲ. ಆಮೇಲೆ ತಮ್ಮ ಮಗ್ಗು ನೋಡಿಕೊಂಡರು. ಮುಖ ಹುಳ್ಳಗಾಯಿತು. ಬಾಯಿ ತೆರೆದರು. "ದೊಡ್ಡಮ್ಮ, ಅದು..."

"ನಾನೇ," ಎಂದ ಹಾಲಣ್ಣ, ಅವರ ಮಾತಿನ ಮೇಲೆ ಮಾತು ಹೇರಿ. "ಒಂದ್ಸಲ ತುಕ್ಕು ಬಂದಿತ್ತಲ್ಲ. ಆ ಭಯಕ್ಕೆ ಎಣ್ಣೆ ಜಾಸ್ತಿ ಹಾಕ್ಬಿಟ್ಟೆ. ಲೆಕ್ಕ ತಪ್ಪಿತು."

ಮೋಡಕ್ಕೆ ಪ್ರಮಾಣಪತ್ರ ಕೊಟ್ಟವನ ಲೆಕ್ಕ ತಪ್ಪುವುದೆಂದರೇನು? ಹೊಟ್ಟು ಚೆಲ್ಲುತ್ತಿದ್ದವರು ಚೆಲ್ಲುವುದನ್ನು ನಿಲ್ಲಿಸಿದರು.

ಒಪ್ಪಿಕೊಳ್ಳುವ ಭಾಷೆ ಮಾವನಿಗೆ ರೂಢಿಯಿರಲಿಲ್ಲ. ಬೈಯುವ ಭಾಷೆಯಲ್ಲೇ ಪ್ರಯತ್ನಿಸಿದರು. "ಸುಳ್ಳು. ಅಳಿಯಂದ್ರು ಹಾಕೋದು ನೀರು ಹಾಲು, ಇಡೀ ಶೆಡ್ಡಿಗೇ ಗೊತ್ತು. ಗಟ್ಟಿ ಹಾಲು ಮಾಡೋಕೆ ಇವರ ಕೈಲಿ ಆಗೋದೇ ಇಲ್ಲ."

"ಈ ಸಲ ಆಯ್ತು ಮಾವ," ಎಂದ ಅಳಿಯ.

ದೊಡ್ಡಮ್ಮ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕಣ್ಣು ಹಾಯಿಸಿದಳು. "ಸರಿ. ಕಾರಣ ಸಿಕ್ತಲ್ಲ, ಅದು ಮುಖ್ಯ. ತೊಟ್ಟಿ ಖಾಲಿ ಮಾಡಿ, ತೊಳೆದು, ಹೊಸದು ತುಂಬಿ. ನೀನು ಕೈ ವಾಸಿಯಾಗೋವರೆಗೂ ತುಂಡುಗಳ ಅಳತೆ ನೋಡೋ ಮೇಜಲ್ಲಿ ಕೂತ್ಕೋಮ್ಮ, ಅಲ್ಲಿ ಎಲ್ಲ ಒಣಗಿರುತ್ತೆ. ಆಮೇಲೆ ಲೇತು ನಿಂದೇ. ಪ್ಯಾಕಿಂಗ್ ಬೇಡ." ಹಾಲಣ್ಣನ ಕಡೆ ತಿರುಗಿದಳು. "ನೀನು ಇನ್ನು ಒಂದು ತಿಂಗಳು ಏನೇ ಅಳೆದ್ರೂ ಸ್ಟೋರಿನವರಿಗೆ ತೋರಿಸಿ ಒಪ್ಪಿಗೆ ತಗೋ."

ಹೀಗೆ ಹಾಲಣ್ಣನ ಕೀರ್ತಿ ಹರಾಜಾಗಿ, ಚೂರುಪಾರು ನನ್ನ ಪಾಲಿಗೆ ಬಂತು.

ತೊಟ್ಟಿ ತೊಳೆಯಲು ಮಾವ ತಾವೇ ಇಳಿದರು. ತೋಳು ಮಡಚಿ, ಅರ್ಧ ದೇಹ ಲೇತಿನ ಅಡಿಗೆ ತೂರಿಸಿ, ಅಳಿಯನ ಪಕ್ಕದಲ್ಲೇ ಕೆಸರು ಕೆರೆದು ತೆಗೆದರು. ಬಹಳ ಹೊತ್ತು ಹೊರಗೆ ಕಾಣುತ್ತಿದ್ದುದು ಎರಡು ಜೊತೆ ಕಾಲುಗಳು ಮಾತ್ರ. ಒಳಗಿನಿಂದ ಕೆರೆಯುವ ಸದ್ದು. ಹೊಸ ಹಾಲು ತುಂಬಿದ ಮೇಲೆ ಮಾವ ಕೈ ಒರೆಸಿಕೊಂಡು, ಬೇರೆಲ್ಲೋ ನೋಡುತ್ತ, "ಎಲ್ಲಿ, ಅದರಲ್ಲಿ ಏನು ಕಾಣುತ್ತೆ, ಕೊಡಿ ಇಲ್ಲಿ," ಎಂದರು.

ಹಾಲಣ್ಣ ಕೊಳವೆ ಕೊಟ್ಟ. ಮಾವ ಅದನ್ನು ತಿರುಗುಮುರುಗಾಗಿ ಕಣ್ಣಿಗಿಟ್ಟರು.

"ಏನೂ ಇಲ್ಲ ಇದರಲ್ಲಿ."

"ಈ ಕಡೆಯಿಂದ ಮಾವ. ಇನ್ನೊಂದು ಕಣ್ಣು ಮುಚ್ಚಿ. ನೀಲಿ ಮುಗಿದು ಬಿಳಿ ಶುರುವಾಗೋ ಗೆರೆ ಇದೆ ನೋಡಿ."

ಮಾವ ಒಂದು ಕಣ್ಣು ಮುಚ್ಚಲು ಹೋಗಿ ಎರಡನ್ನೂ ಮುಚ್ಚಿದರು. ಕೊನೆಗೆ ಅಂಗೈಯಿಂದ ಒಂದನ್ನು ಅದುಮಿ ಹಿಡಿದು, ಬಹಳ ಹೊತ್ತು ನೋಡಿದರು.

"ಆರು ಅಂತಿದೆ. ಇಷ್ಟು ತೆಳ್ಳಗಿದ್ರೆ ತುಕ್ಕು ಬರಲ್ವೇನೋ, ಹೇಳು?"

"ಬರಲ್ಲ ಮಾವ. ರಜೆಗೆ ಹೋಗೋ ಮುಂಚೆ ನಾವಿಬ್ರೂ ನೋಡಿಬಿಟ್ಟು ಹೋಗೋಣ."

ಬಹುವಚನ ಎಲ್ಲಿ ಉದುರಿಹೋಯಿತೋ ಇಬ್ಬರೂ ಹುಡುಕಲಿಲ್ಲ. ಮಗ್ಗನ್ನು ಮಾವ ಆ ಸಂಜೆಯೇ ತಂದು ನನ್ನ ಕಿಟಕಿಯಲ್ಲಿಟ್ಟರು. "ಇದು ಬೇಡ ನನಗೆ," ಎಂದಷ್ಟೇ ಹೇಳಿ ಹೋದರು.

ಅತ್ತಿಗೆಯ ಕೈ ನಿಧಾನಕ್ಕೆ ಆರಿತು. ಸಿಪ್ಪೆ ಉದುರಿ ಹೊಸ ಚರ್ಮ ಬಂತು, ಬೆರಳು ಮಡಚಲು ಬಂತು, ಜಡೆ ಮತ್ತೆ ಜಡೆಯಂತಾಯಿತು. ಲೇತಿಗೆ ಮರಳಿದ ದಿನ ಅವಳು ಮೊದಲು ಕಡೆದ ತುಂಡನ್ನು ಮಾವ ಎತ್ತಿ, ಬೆರಳಾಡಿಸಿ, ಏನೋ ಹೇಳಲು ಹೋಗಿ ಕೆಮ್ಮಿದರು. "ಪರವಾಗಿಲ್ಲ" ಎಂದೂ ಹೇಳಲಾಗಲಿಲ್ಲ ಅವರಿಗೆ.

ಅವಳಿಗೆ ಗೊತ್ತಾಯಿತೋ ಇಲ್ಲವೋ ನನಗೆ ತಿಳಿಯದು. ಒಮ್ಮೆ ನನ್ನ ಕಿಟಕಿಯ ಮುಂದೆಯೇ ಗಂಡನನ್ನು ಕೇಳಿದ್ದಳು.

"ರೀ, ನಿಜವಾಗ್ಲೂ ನೀವೇ ಲೆಕ್ಕ ತಪ್ಪಿದ್ದಾ?"

"ಹೂಂ."

"ಸುಳ್ಳು ಹೇಳೋವಾಗ ನಿಮ್ಮ ಕಿವಿ ಕೆಂಪಾಗುತ್ತೆ. ಗೊತ್ತಿರ್ಲಿ." ಅಷ್ಟು ಹೇಳಿ ಅವನ ಕಾಲರು ಸರಿಪಡಿಸಿ ಹೋದಳು.

ಶೆಡ್ಡಿನವರು ಮಾತ್ರ ಹಾಲಣ್ಣನನ್ನು ಸುಮ್ಮನೆ ಬಿಡಲಿಲ್ಲ. ಟೀ ಬಂದಾಗಲೆಲ್ಲ, "ಹಾಲಣ್ಣ, ಇದು ಗಟ್ಟಿನಾ, ತೆಳ್ಳಗಾ? ಸ್ಟೋರಪ್ಪನ್ನ ಕೇಳ್ಕೊಂಡು ಬಂದು ಹೇಳು," ಎನ್ನುವರು. ಅವನೂ ಅವರ ಜೊತೆ ನಗುವನು. ದಿನಾ ಎರಡು ಹೊತ್ತು ಬಂದು, ತಾನು ಅಳೆದದ್ದನ್ನು ನನ್ನ ಮುಂದೆ ಹಿಡಿಯುವನು. ನಾನು ಕನ್ನಡಕ ಏರಿಸಿ, ಬಿಗುಮಾನದಿಂದ ನೋಡಿ, ತಲೆಯಾಡಿಸುವೆ. ಅವನ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ಆ ತಿಂಗಳು ಮುಗಿಯುವ ಹೊತ್ತಿಗೆ ನನ್ನ ಹೊಟ್ಟೆಯಲ್ಲಿ ಗುಟ್ಟು ಕೂತು ಕೂತು ತಡೆಯಲಾರದಾಯಿತು.

"ಅಲ್ಲ ಹಾಲಣ್ಣ," ಎಂದೆ, "ಇಷ್ಟು ವರ್ಷ ಗಳಿಸಿದ ಹೆಸರನ್ನ ಒಂದೇ ಮಾತಲ್ಲಿ ಗಾಳಿಗೆ ತೂರಿಬಿಟ್ಟೆಯಲ್ಲ. ಆ ಹಿರಿಯರ ಮಾನ ಉಳಿಸೋಕೆ ನಿನ್ನ ಕೀರ್ತಿಯನ್ನೇ ಧಾರೆ ಎರೆದೆ. ಇಂಥ ತ್ಯಾಗಕ್ಕೆ ಎಂಥ ಎದೆ ಬೇಕಪ್ಪ."

ಹಾಲಣ್ಣ ಕೊಳವೆಯ ಗಾಜನ್ನು ಬಟ್ಟೆಯಿಂದ ಒರೆಸುತ್ತಿದ್ದ.

"ಹಾಗೇನಿಲ್ಲ ಸ್ಟೋರಪ್ಪ. ಭಾನುವಾರ ಮಾವನೂ ಸೇರಿ ಮೂರು ಜನಾನೂ ಒಟ್ಟಿಗೇ ಊಟಕ್ಕೆ ಕೂರ್ತೀವಿ. ಮನೇಲಿರೋದು ಒಂದೇ ಮೇಜು."